ಇಂಗ್ಲೆಂಡಿನ ಚರ್ಚ್ ಪ್ರೈಮರಿ ಶಾಲೆ: ಮಗಳನ್ನು ಓದಿಸುತ್ತಿರುವ ಅಮ್ಮನ ರಿವ್ಯೂ

ಇಂಗ್ಲೆಂಡಿಗೆ ಹೊಸದಾಗಿ ಬರುವ ನಮ್ಮವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಮನೆ ಹತ್ತಿರ ಇರುವ ಒಳ್ಳೆ ಪ್ರೈಮರಿ ಶಾಲೆ ಚರ್ಚಿನದ್ದು, ನಾವು ಹಿಂದೂಗಳು, ಮಗೂನ ಸೇರಿಸಬಹುದಾ, ಸೇರಿಸಿದರೆ ಏನಾದರೂ ತೊಂದರೆನಾ? ನಮ್ಮ ಮಗಳು ರೆಡಿಂಗ್ ಹತ್ತಿರದ ಒಂದು ಚರ್ಚ್ ಆಫ್ ಇಂಗ್ಲೆಂಡ್ ಶಾಲೆಯಲ್ಲಿ ರಿಸೆಪ್ಷನ್‌ನಿಂದಲೂ, ಅಂದರೆ ಇಲ್ಲಿಯ ಪ್ರೈಮರಿಯ ಮೊದಲ ತರಗತಿಯಿಂದಲೂ ಇದ್ದಾಳೆ, ಈಗ ಇಯರ್ 4. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಉತ್ತರ ಕೊಡುವುದಕ್ಕಿಂತ ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಮಕ್ಕಳ ವಿಷಯ ಬರುವುದರಿಂದ ಶಾಲೆಯ ಹೆಸರು ಹಾಕುವುದಿಲ್ಲ. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಸೇರಿಸಬಹುದಾ ಅಂದರೆ, ಧಾರಾಳವಾಗಿ ಸೇರಿಸಿ. ಆದರೆ ಯಾವ ತರಹದ ಚರ್ಚ್ ಶಾಲೆ ಅನ್ನುವುದನ್ನು ನೋಡಿಕೊಂಡು ಸೇರಿಸಿ.

ಊರಲ್ಲಿ ಕ್ರಿಶ್ಚಿಯನ್ ಶಾಲೆ ಅಂದ ತಕ್ಷಣ ಕಾನ್ವೆಂಟ್ ನೆನಪಾಗುತ್ತದೆ. ಇಂಗ್ಲಿಷ್ ಮೀಡಿಯಂ, ಶಿಸ್ತು, ಫೀಸು. ಮಂಗಳೂರು, ಧಾರವಾಡ ಕಡೆಯವರಾದರೆ ಬಾಸೆಲ್ ಮಿಷನ್ ನೆನಪಾಗಬಹುದು, 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ ಎಲ್ಲ ಶುರು ಮಾಡಿದವರು. ಇಲ್ಲಿಯ ಚರ್ಚ್ ಶಾಲೆ ಬೇರೆಯೇ. ಇದು ಸರ್ಕಾರದ ದುಡ್ಡಿನಲ್ಲಿ ನಡೆಯುವ, ಅಕ್ಕಪಕ್ಕದ ಬೀದಿಯ ಮಕ್ಕಳು ನಡೆದುಕೊಂಡು ಬರುವ ಶಾಲೆ. ಫೀಸ್ ಇಲ್ಲ, ಡೊನೇಷನ್ ಇಲ್ಲ. ಸರ್ಕಾರ ತಾನೇ ಶಾಲೆ ನಡೆಸಬೇಕು ಅಂತ ಇಲ್ಲಿ ಕಾನೂನು ಬಂದದ್ದು 1870ರಲ್ಲಿ. ಅದಕ್ಕೂ ಎಷ್ಟೋ ಮುಂಚೆ, 1811ರಲ್ಲೇ, ಚರ್ಚಿನವರು ನ್ಯಾಷನಲ್ ಸೊಸೈಟಿ ಅಂತ ಮಾಡಿಕೊಂಡು ಬಡವರ ಮಕ್ಕಳಿಗಾಗಿ ಊರೂರಲ್ಲಿ ಶಾಲೆ ತೆರೆದಿದ್ದರು. 1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಈ ಶಾಲೆಗಳು ಸರ್ಕಾರಿ ವ್ಯವಸ್ಥೆಯ ಒಳಗೇ ಉಳಿದುಕೊಂಡವು. ಈಗ ಚರ್ಚ್ ಆಫ್ ಇಂಗ್ಲೆಂಡ್ ಶಾಲೆಗಳು ಸುಮಾರು 4,600 ಇವೆ, ಹತ್ತು ಲಕ್ಷದಷ್ಟು ಮಕ್ಕಳು ಓದುತ್ತಾರೆ. ಪ್ರೈಮರಿ ಶಾಲೆಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಇವರದ್ದೇ. ಹಳ್ಳಿ ಕಡೆ ಮನೆ ಮಾಡಿದರೆ ಇದೊಂದೇ ಶಾಲೆ ಇರುವ ಸಾಧ್ಯತೆಯೂ ಇದೆ.

ಎಲ್ಲರಿಗೂ ಇರುವ ದೊಡ್ಡ ಚಿಂತೆ ಪ್ರಾರ್ಥನೆಯದ್ದು. ನಮ್ಮ ಅತ್ತೆ ತೀರ್ಥಹಳ್ಳಿಯಿಂದ ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದದ್ದೂ ಅದನ್ನೇ, "ಮಗೂಗೆ ದಿನಾ ಅವರ ದೇವರ ಹೆಸರು ಹೇಳಿಸ್ತಾರಾ?" ಅಂತ. ಇಲ್ಲಿ ಅದಕ್ಕೆ ಕಲೆಕ್ಟಿವ್ ವರ್ಶಿಪ್ ಅನ್ನುತ್ತಾರೆ. ಚರ್ಚ್ ಶಾಲೆಯಲ್ಲಿ ಮಾತ್ರ ಇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಇಂಗ್ಲೆಂಡಿನ ಎಲ್ಲ ಸರ್ಕಾರಿ ಶಾಲೆಗಳೂ ದಿನಕ್ಕೊಮ್ಮೆ ಇದನ್ನು ಮಾಡಬೇಕು, ಚರ್ಚಿಗೆ ಸೇರದ ಶಾಲೆಗಳಲ್ಲೂ ಅದು ಬಹುಪಾಲು ಕ್ರಿಶ್ಚಿಯನ್ ರೀತಿಯದ್ದೇ ಆಗಿರಬೇಕು ಅಂತ ಕಾನೂನಿದೆ. ಎಷ್ಟೋ ಕಡೆ ಸಡಿಲವಾಗಿ ನಡೆಯುತ್ತದೆ, ಅಷ್ಟೇ. ಬೇಡ ಅನ್ನಿಸಿದರೆ ಮಗುವನ್ನು ಅದರಿಂದ ಹೊರಗಿಡಿ ಅಂತ ಹೇಳುವ ಹಕ್ಕು ತಂದೆತಾಯಿಗೆ ಇದೆ, ಚರ್ಚ್ ಶಾಲೆಯಲ್ಲೂ ಇದೆ. ನಮಗೆ ಗೊತ್ತಿರುವ ಒಂದು ಕುಟುಂಬ ಹಾಗೆ ಮಾಡಿದೆ. ಆ ಹೊತ್ತಿನಲ್ಲಿ ಅವರ ಮಗ ಲೈಬ್ರರಿಯಲ್ಲಿ ಓದುತ್ತಾ ಕೂರುತ್ತಾನೆ, ಜೊತೆಗೆ ಒಬ್ಬ ಟೀಚಿಂಗ್ ಅಸಿಸ್ಟೆಂಟ್ ಇರುತ್ತಾರೆ. ಅವನನ್ನು ಯಾರೂ ಯಾಕೆ ಅಂತ ಕೇಳಿದ್ದಿಲ್ಲ.

ನಾವು ಹೊರಗಿಡಲಿಲ್ಲ. ಅಪ್ಪ ಅಮ್ಮಂದಿರನ್ನು ಕರೆದ ದಿನ ಹೋಗಿ ಶಾಲೆಯ ಹಾಲ್‌ನಲ್ಲಿ ಹಿಂದುಗಡೆ ಕೂತು ಪೂರ್ತಿ ನೋಡಿದ ಮೇಲೆ ಅದರ ಅಗತ್ಯ ಕಾಣಲಿಲ್ಲ. ಮಕ್ಕಳು ನೆಲದ ಮೇಲೆ ಕ್ಲಾಸಿನ ಪ್ರಕಾರ ಸಾಲಾಗಿ ಕೂರುತ್ತಾರೆ. ಇಯರ್ 6ರ ಒಂದು ಮಗು ಬಂದು ಮೇಣದ ಬತ್ತಿ ಹಚ್ಚುತ್ತದೆ. ಒಂದು ಕಥೆ, ಒಂದು ಹಾಡು, ಸ್ವಲ್ಪ ಹೊತ್ತು ಮೌನ. ಪ್ರಾರ್ಥನೆಗೆ ಮುಂಚೆ ಹೆಡ್ ಟೀಚರ್ ಹೇಳುವುದು ಇಷ್ಟು: ಈಗ ನಾನು ಒಂದು ಪ್ರಾರ್ಥನೆ ಹೇಳುತ್ತೇನೆ, ಇದು ನಿಮ್ಮದೂ ಹೌದು ಅನ್ನಿಸಿದವರು ಕೊನೆಗೆ ಆಮೆನ್ ಅನ್ನಿ, ಉಳಿದವರು ಸುಮ್ನೆ ಕೂತು ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಯೋಚಿಸಿ. ಚರ್ಚ್ ತನ್ನ ಶಾಲೆಗಳಿಗೆ ಕೊಟ್ಟಿರುವ ಸೂಚನೆಯಲ್ಲೂ ಇದೇ ಇದೆ, ಮಕ್ಕಳನ್ನು ಕರೆಯಬೇಕು, ಬಲವಂತ ಮಾಡಬಾರದು ಅಂತ. ಸೂಚನೆ ಇರುವುದು ಬೇರೆ, ಇನ್ನೂರು ಮಕ್ಕಳ ಮುಂದೆ ಅದನ್ನು ದಿನಾ ಬೇಜಾರಿಲ್ಲದೆ ಹೇಳುವುದು ಬೇರೆ. ಇವರು ಹೇಳುತ್ತಾರೆ. ನಮ್ಮವಳು ಆ ಹೊತ್ತಿನಲ್ಲಿ ಅಜ್ಜಿ ಕಲಿಸಿದ 'ಗಜಾನನಂ ಭೂತಗಣಾದಿ ಸೇವಿತಂ' ಹೇಳಿಕೊಳ್ಳುತ್ತಾಳಂತೆ. ಇದನ್ನು ಕೇಳಿದ ಮೇಲೆ ಅತ್ತೆ ಆ ಪ್ರಶ್ನೆ ಕೇಳುವುದು ಬಿಟ್ಟರು.

ಇನ್ನು ಮೌಲ್ಯಗಳ ವಿಷಯ. ಎಲ್ಲ ಚರ್ಚ್ ಶಾಲೆಗಳ ಗೋಡೆ ಮೇಲೂ ಒಂದು ಪಟ್ಟಿ ಇರುತ್ತದೆ. ನಮ್ಮಲ್ಲಿ ಆರು ಇವೆ: ಗೌರವ, ಸ್ನೇಹ, ಧೈರ್ಯ, ಕೃತಜ್ಞತೆ, ಕ್ಷಮೆ, ಪಟ್ಟುಬಿಡದೆ ಪ್ರಯತ್ನಿಸುವುದು. ಅರ್ಧ ಟರ್ಮಿಗೆ ಒಂದರಂತೆ ವರ್ಷವೆಲ್ಲ ಬರುತ್ತವೆ. ಇದರ ಹಿಂದೆ 2016ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಹೊರಡಿಸಿದ ಒಂದು ಆಶಯಪತ್ರ ಇದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತುಂಬು ಬದುಕಿನ ಬಗ್ಗೆ ಆಡುವ ಮಾತು ಅದರ ತಳಹದಿ. ವಿವೇಕ, ಭರವಸೆ, ಸಮುದಾಯ, ಘನತೆ ಅಂತ ನಾಲ್ಕು ವಿಷಯ ಇಟ್ಟುಕೊಂಡಿದ್ದಾರೆ. ಎಲ್ಲ ಶಾಲೆಗಳಿಗೂ ಇರುವ ಸರ್ಕಾರದ ಆಫ್‌ಸ್ಟೆಡ್ ಇನ್‌ಸ್ಪೆಕ್ಷನ್ ಅಲ್ಲದೆ ಸಯಾಮ್ಸ್ ಅಂತ ಇನ್ನೊಂದು ಇನ್‌ಸ್ಪೆಕ್ಷನ್ ಚರ್ಚ್ ಶಾಲೆಗಳಿಗೆ ಇರುತ್ತದೆ, ಅದರಲ್ಲಿ ಇವೆಲ್ಲ ನಿಜವಾಗಿ ನಡೆಯುತ್ತಿದೆಯಾ ಅಂತ ನೋಡುತ್ತಾರೆ. ಶಾಲೆ ಆರಿಸುವಾಗ ಎರಡೂ ವರದಿ ಓದಿ. ನಮ್ಮವರು ಆಫ್‌ಸ್ಟೆಡ್ ಒಂದನ್ನೇ ನೋಡಿ ಬಿಟ್ಟುಬಿಡುತ್ತಾರೆ.

ಪಟ್ಟಿಯಲ್ಲಿ ನನಗೆ ಅನುಮಾನ ಇದ್ದದ್ದು ಕ್ಷಮೆ ಮೇಲೆ. ತಪ್ಪು ಮಾಡಿದವರು ಸಾರಿ ಅಂದುಬಿಟ್ಟರೆ, ನೋವಾದ ಮಗು ಪರವಾಗಿಲ್ಲ ಅಂತ ಹೇಳಲೇಬೇಕಾದ ಒತ್ತಡ ಬರುತ್ತದಲ್ವಾ? ಇಯರ್ 2ರಲ್ಲಿ ಅದು ನಮ್ಮ ಮನೆಗೇ ಬಂತು. ನೆಂಟರ ಮದುವೆ ಮುಗಿಸಿ ಸ್ಕೂಲಿಗೆ ಹೋಗಿದ್ದಳು, ಕೈತುಂಬ ಮದರಂಗಿ. ಪಿಇ ಕ್ಲಾಸಿನಲ್ಲಿ ಕೈ ಕೈ ಹಿಡಿದು ವೃತ್ತ ಮಾಡುವಾಗ ಪಕ್ಕದ ಹುಡುಗಿ "ನಿನ್ನ ಕೈ ಗಲೀಜು, ನಾನು ಹಿಡ್ಕೊಳಲ್ಲ" ಅಂದಳು, ಇನ್ನಿಬ್ಬರು ನಕ್ಕರು. ಮನೆಗೆ ಬಂದು ಸೋಪು ಹಾಕಿ ಉಜ್ಜಿಕೊಳ್ಳುತ್ತಾ ನಿಂತಿದ್ದಳು ಮಗು. ನಾನು ಮಾರನೇ ದಿನ ಹೋಗಿ ಹೇಳುವ ಮೊದಲೇ, ಅವತ್ತು ಸಂಜೆಯೇ ಶಾಲೆಯಿಂದ ಫೋನ್ ಬಂತು.

ಅವರು ಏನು ಮಾಡಿದರು ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ನಾಲ್ಕು ಸ್ಟಾರ್‌ಗಳಲ್ಲಿ ದೊಡ್ಡ ಪಾಲು ಇದಕ್ಕೇ. ಮೊದಲು ಮಕ್ಕಳನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದರು: ಏನಾಯಿತು, ಯಾರಿಗೆ ನೋವಾಯಿತು, ಸರಿ ಮಾಡಲು ಏನು ಬೇಕು. ನಡೆದದ್ದನ್ನು ಮೈಬಣ್ಣ, ಸಂಸ್ಕೃತಿಗೆ ಸಂಬಂಧಪಟ್ಟ ಘಟನೆ ಅಂತಲೇ ದಾಖಲಿಸಿದರು, ಮಕ್ಕಳಾಟ ಅಂತ ಬರೆಯಲಿಲ್ಲ. ಆ ಹುಡುಗಿಯ ಮನೆಗೂ ತಿಳಿಸಿದರು. ಆಮೇಲೆ ಟೀಚರ್ ನಮ್ಮವಳನ್ನು ಕೇಳಿದ್ದು, ಮದರಂಗಿ ಬಗ್ಗೆ ಕ್ಲಾಸಿನಲ್ಲಿ ನೀನು ಏನಾದರೂ ಹೇಳಬೇಕು ಅಂತಿದೆಯಾ ಅಂತ. ಬೇಡ ಅಂದಳು. ಅಲ್ಲಿಗೆ ಬಿಟ್ಟರು. ಇದು ನನಗೆ ಬಹಳ ಮುಖ್ಯ ಅನ್ನಿಸಿತು. ಒಳ್ಳೆ ಉದ್ದೇಶದಿಂದಲೇ ನೋವಾದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ನಿಮ್ಮ ಸಂಸ್ಕೃತಿ ಬಗ್ಗೆ ಹೇಳು ಅನ್ನುವ ಶಾಲೆಗಳು ಬೇಕಾದಷ್ಟಿವೆ. ಇವಳು ಆ ಹುಡುಗಿಗೆ ಪರವಾಗಿಲ್ಲ ಅಂತ ಹೇಳಿದ್ದು ಕೆಲವು ದಿನ ಬಿಟ್ಟು, ತಾನಾಗಿ, ಆಟದ ಮೈದಾನದಲ್ಲಿ. ಅದುವರೆಗೆ ಯಾರೂ ಅವಳನ್ನು ಒತ್ತಾಯ ಮಾಡಲಿಲ್ಲ. ಗೇಟಿನ ಹತ್ತಿರ ಆ ಹುಡುಗಿಯ ಅಮ್ಮ ಬಂದು ನನ್ನ ಹತ್ತಿರ ಮಾತಾಡಿದರು. ಅದು ಸುಲಭದ ಮಾತಾಗಿರಲಿಲ್ಲ, ಇಬ್ಬರಿಗೂ.

ಎಲ್ಲರನ್ನೂ ಒಳಗೊಳ್ಳುವುದು ಅಂದರೆ ಧರ್ಮ, ಬಣ್ಣ ಅಷ್ಟೇ ಅಲ್ಲವಲ್ಲ. ಮಗಳ ಕ್ಲಾಸಿನಲ್ಲಿ ಆಟಿಸಂ ಇರುವ ಒಂದು ಮಗು ಇದೆ. ಅದರ ಮೇಜಿನ ಮೇಲೆ 'ಈಗ', 'ಆಮೇಲೆ' ಅಂತ ಎರಡು ಚಿತ್ರ ಅಂಟಿಸಿದ ಸಣ್ಣ ಹಲಗೆ ಇರುತ್ತದೆ. ಹಾಲಿನಲ್ಲಿ ಹಾಡು ಶುರುವಾದರೆ ಸದ್ದು ತಡೆಯುವ ಇಯರ್ ಡಿಫೆಂಡರ್ ಹಾಕಿಕೊಂಡು ಬಾಗಿಲ ಪಕ್ಕ ಕೂರುತ್ತದೆ, ಜಾಸ್ತಿಯಾದರೆ ಎದ್ದು ಹೊರಗೆ ಹೋಗುತ್ತದೆ, ಸರಿಹೋದ ಮೇಲೆ ಬರುತ್ತದೆ. ಹೋಗುವಾಗಲೂ ಬರುವಾಗಲೂ ಒಂದು ಮಗುವೂ ತಿರುಗಿ ನೋಡುವುದಿಲ್ಲ. ಇಡೀ ಶಾಲೆ ಕೆಲವು ಹಾಡುಗಳನ್ನು ಮಕಟಾನ್ ಕೈಸನ್ನೆಯ ಜೊತೆ ಹಾಡುತ್ತದೆ, ಮಾತು ಬಾರದ ಮಕ್ಕಳೂ ಅದರಲ್ಲಿ ಇರಬೇಕು ಅಂತ. ನಮ್ಮವಳು ಮನೆಯಲ್ಲಿ ಬಾಯಿ ತುಂಬ ತಿಂಡಿ ಇದ್ದಾಗ 'ಇನ್ನೂ ಬೇಕು' ಅಂತ ಅದೇ ಸನ್ನೆಯಲ್ಲಿ ಕೇಳುತ್ತಾಳೆ.

ಈಗ ದೀಪಾವಳಿ ಕಥೆ. ಇಲ್ಲಿ ಆರ್‌ಇ, ಅಂದರೆ ಧರ್ಮಗಳ ಪಾಠ ಎಲ್ಲ ಶಾಲೆಯಲ್ಲೂ ಇದೆ. ನಮ್ಮ ಶಾಲೆಯಲ್ಲಿ ಕ್ರಿಶ್ಚಿಯಾನಿಟಿ ಪಾಲು ಜಾಸ್ತಿ, ಅದು ಚರ್ಚ್ ಶಾಲೆಯಲ್ಲಿ ಇರುವುದೇ. ಜೊತೆಗೆ ಹಿಂದೂ, ಇಸ್ಲಾಂ, ಯಹೂದಿ ಧರ್ಮಗಳೂ ಬರುತ್ತವೆ. ಇಲ್ಲಿ ದೀಪಾವಳಿ ಅಂದರೆ ರಾಮ ಸೀತೆ ಅಯೋಧ್ಯೆಗೆ ವಾಪಸ್ ಬಂದ ಕಥೆ ಒಂದೇ. ನಮ್ಮವಳು ಎದ್ದು ನಿಂತು, ನಮ್ಮಲ್ಲಿ ಎಣ್ಣೆ ಸ್ನಾನ, ನರಕಾಸುರ, ಬಲೀಂದ್ರ ಅಂತೆಲ್ಲ ಹೇಳಿದ್ದಾಳೆ. ಟೀಚರ್ ಅವತ್ತೇ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, ನಮಗೆ ಇದು ಗೊತ್ತಿರಲಿಲ್ಲ, ಮುಂದಿನ ವರ್ಷ ನೀವೇ ಬಂದು ಹೇಳುತ್ತೀರಾ ಅಂದರು. ಹೋದೆ. ಬಲಿಪಾಡ್ಯಮಿ ಹೇಳಿದೆ. ಮಲೆನಾಡಿನ ಅಂಟಿಗೆ ಪಂಟಿಗೆ ಹೇಳಿದೆ, ರಾತ್ರಿ ಹೊತ್ತು ದೀಪ ಹಿಡಿದುಕೊಂಡು ಹಾಡುತ್ತಾ ಮನೆಮನೆಗೆ ಬರುತ್ತಾರಲ್ಲ, ಅದನ್ನು. ಮಕ್ಕಳಿಗೆ ಅದು ಎಷ್ಟು ಹಿಡಿಸಿತು ಅಂದರೆ, ಗಾಳಿ ಬಂದು ದೀಪ ಆರಿಹೋದರೆ ಏನು ಮಾಡ್ತಾರೆ, ನಾಯಿ ಬೊಗಳಲ್ವಾ, ಮಲಗಿದ್ದರೆ ಎಬ್ಬಿಸ್ತಾರಾ, ಒಂದೇ ಸಮನೆ ಪ್ರಶ್ನೆ. ಒಬ್ಬ ಹುಡುಗ ಮಾತ್ರ ಕೈ ಎತ್ತಿ, ಬಲಿ ಅಷ್ಟು ಒಳ್ಳೆ ರಾಜ ಆಗಿದ್ದರೆ ದೇವರು ಅವನನ್ನು ಯಾಕೆ ಕೆಳಗೆ ತುಳಿದದ್ದು ಅಂತ ಕೇಳಿದ. ನಾನು ಟೀಚರ್ ಮುಖ ನೋಡಿದೆ. ಅವರು ಮಾತು ಬದಲಿಸಲಿಲ್ಲ. ಅದನ್ನು ಬೋರ್ಡಿನ ಮೇಲೆ ಬರೆದು, ನಿಮಗೇನನ್ನಿಸುತ್ತದೆ ಅಂತ ಇಡೀ ಕ್ಲಾಸಿಗೆ ಬಿಟ್ಟರು. ಉಳಿದ ಪೂರ್ತಿ ಪೀರಿಯಡ್ ಅದೇ ಚರ್ಚೆ ನಡೆಯಿತು. ತನ್ನ ದೇವರ ಬಗ್ಗೆ ಸಂಕೋಚ ಇಲ್ಲದೆ ಮಾತಾಡುವ ಶಾಲೆ ನಮ್ಮ ದೇವರ ಬಗ್ಗೆಯೂ ಅಷ್ಟೇ ಗಂಭೀರವಾಗಿ ಮಾತಾಡುತ್ತದೆ. ನಮ್ಮ ಸ್ನೇಹಿತರ ಮಕ್ಕಳು ಹೋಗುವ, ಚರ್ಚಿಗೆ ಸೇರದ ಶಾಲೆಗಳಲ್ಲಿ ದೀಪಾವಳಿ ಅಂದರೆ ಬಣ್ಣದ ಕಾಗದದ ದೀಪ ಅಂಟಿಸುವುದರಲ್ಲೇ ಮುಗಿದುಹೋಗುತ್ತದೆ ಅಂತ ಕೇಳಿದ್ದೇನೆ.

ಚರ್ಚಿಗೆ ಕರೆದುಕೊಂಡು ಹೋಗುತ್ತಾರಾ? ಹೌದು, ಸುಗ್ಗಿ ಹಬ್ಬ, ಕ್ರಿಸ್ಮಸ್, ಈಸ್ಟರ್‌ಗೆ. ಸುಗ್ಗಿಗೆ ಮನೆಯಿಂದ ತಂದ ಡಬ್ಬಿಗಳೆಲ್ಲ ಊರಿನ ಫುಡ್ ಬ್ಯಾಂಕಿಗೆ ಹೋಗುತ್ತವೆ. ನೇಟಿವಿಟಿ ನಾಟಕದಲ್ಲಿ ಧರ್ಮ ನೋಡಿ ಪಾತ್ರ ಕೊಡುವುದಿಲ್ಲ, ನಮ್ಮವಳು ಒಂದು ವರ್ಷ ಗೇಬ್ರಿಯಲ್ ದೇವದೂತೆ ಆಗಿದ್ದಳು. ಡಿಸೆಂಬರ್‌ನಲ್ಲಿ ಕ್ರಿಸ್ಟಿಂಗಲ್ ಮಾಡುತ್ತಾರೆ. ಒಂದು ಕಿತ್ತಳೆ ಹಣ್ಣು, ಅದರ ಸುತ್ತ ಕೆಂಪು ರಿಬ್ಬನ್, ಮೇಲೆ ಮೇಣದ ಬತ್ತಿ, ನಾಲ್ಕು ಕಡೆ ಕಡ್ಡಿ ಚುಚ್ಚಿ ಅದಕ್ಕೆ ಸಿಹಿ ಅಥವಾ ಒಣ ಹಣ್ಣು. ಹಣ್ಣು ಅಂದರೆ ಲೋಕ, ಬತ್ತಿ ಅಂದರೆ ಯೇಸು, ಕಡ್ಡಿಗಳು ನಾಲ್ಕು ಋತು. 1747ರಲ್ಲಿ ಜರ್ಮನಿಯ ಮೊರಾವಿಯನ್ ಪಂಗಡದವರು ಶುರು ಮಾಡಿದ್ದು. ಇಲ್ಲಿ 1968ರಿಂದ ಚಿಲ್ಡ್ರನ್ಸ್ ಸೊಸೈಟಿ ಅನ್ನುವ ಸಂಸ್ಥೆ ಕಷ್ಟದಲ್ಲಿರುವ ಮಕ್ಕಳಿಗೆ ಹಣ ಕೂಡಿಸಲು ಇದನ್ನು ಬಳಸುತ್ತದೆ. ಕಡ್ಡಿಗೆ ಸಾಮಾನ್ಯವಾಗಿ ಜೆಲ್ಲಿ ತರಹದ ಸಿಹಿ ಚುಚ್ಚುತ್ತಾರೆ, ಅದರಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತದೆ, ಅಂದರೆ ಪ್ರಾಣಿಯಿಂದ ಬಂದದ್ದು. ಮೊದಲ ವರ್ಷ ನಾನು ಆಫೀಸಿನಲ್ಲಿ ಒಂದು ಮಾತು ಹೇಳಿದ್ದೆ. ಮುಂದಿನ ವರ್ಷ ನೋಡಿದರೆ ಇಡೀ ಶಾಲೆಗೆ ಒಣದ್ರಾಕ್ಷಿ. ನಮ್ಮ ಮಗಳಿಗೊಬ್ಬಳಿಗೆ ಬೇರೆ ಕೊಟ್ಟಿದ್ದರೂ ನನಗೆ ಸಾಕಿತ್ತು. ಎಲ್ಲರಿಗೂ ಒಂದೇ ತರಹ ಮಾಡಿದರು, ಯಾವ ಮಗುವಿನ ಹಣ್ಣೂ ಬೇರೆ ಕಾಣಬಾರದು ಅಂತ.

ಊಟದ ಬಗ್ಗೆ ಒಂದು ಎಚ್ಚರಿಕೆ. ರಿಸೆಪ್ಷನ್, ಇಯರ್ 1, ಇಯರ್ 2ಕ್ಕೆ ಎಲ್ಲ ಸರ್ಕಾರಿ ಶಾಲೆಯಲ್ಲೂ ಊಟ ಫ್ರೀ, ಸಾಮಾನ್ಯವಾಗಿ ಸಸ್ಯಾಹಾರಿ ಆಯ್ಕೆಯೂ ಇರುತ್ತದೆ. ಆದರೆ ಅದರಲ್ಲಿ ಮೊಟ್ಟೆ ಇರಬಹುದು. ನೀವು ಮೊಟ್ಟೆ ತಿನ್ನದವರಾದರೆ ಫಾರಂನಲ್ಲಿ ಬೇರೆಯಾಗಿ ಬರೆಯಿರಿ, ಬಾಯಲ್ಲೂ ಹೇಳಿ. ಬಳೆ ಹಾಕಿ ಕಳಿಸಬೇಡಿ, ಓಲೆ ಸಣ್ಣದಿರಲಿ.

ಈಗ ಒಂದು ಸ್ಟಾರ್ ಯಾಕೆ ಕಡಿಮೆ ಅಂತ. ಅರ್ಧ ಸ್ಟಾರ್ ನಮ್ಮ ಶಾಲೆಗೆ. ಮಕ್ಕಳಲ್ಲಿ ಎಷ್ಟೆಲ್ಲ ದೇಶದವರಿದ್ದಾರೆ, ಟೀಚರ್‌ಗಳಲ್ಲಿ ಅದು ಕಾಣುವುದಿಲ್ಲ. ಮನೆಗೆ ಬರುವ ಪತ್ರಗಳು ಉದ್ದುದ್ದ, ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪ ಅಮ್ಮಂದಿರು ಟ್ರಿಪ್‌ನ ಕೊನೇ ದಿನಾಂಕ ತಪ್ಪಿಸಿಕೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೇಳಿದ್ದೇನೆ, ಇನ್ನೂ ಸರಿಹೋಗಿಲ್ಲ.

ಉಳಿದ ಅರ್ಧ ಈ ವ್ಯವಸ್ಥೆಗೆ, ಮತ್ತು ಇದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಕೈಕೆಳಗೆ ಬರದ ಅಕಾಡೆಮಿಗಳನ್ನು ಬಿಟ್ಟರೆ, ಚರ್ಚ್ ಶಾಲೆಗಳಲ್ಲಿ ಎರಡು ಬಗೆ. ವಾಲಂಟರಿ ಕಂಟ್ರೋಲ್ಡ್ ಶಾಲೆಯಲ್ಲಿ ಪ್ರವೇಶದ ನಿಯಮ ಕೌನ್ಸಿಲ್‌ನದ್ದು, ಸಾಮಾನ್ಯವಾಗಿ ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದಾರಾ, ಮನೆ ಎಷ್ಟು ದೂರ ಅಂತ ನೋಡುತ್ತಾರೆ. ನಮ್ಮದು ಇದು. ವಾಲಂಟರಿ ಏಡೆಡ್ ಶಾಲೆಯಲ್ಲಿ ನಿಯಮ ಮಾಡುವವರು ಶಾಲೆಯ ಗವರ್ನರ್‌ಗಳು, ಅಂದರೆ ಆಡಳಿತ ಮಂಡಳಿಯವರು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಚರ್ಚಿಗೆ ಹೋಗುವವರ ಮಕ್ಕಳಿಗೆ ಮೊದಲು ಕೊಡಲು ಅವರಿಗೆ ಅವಕಾಶ ಇದೆ. ನಾವು ಮೊದಲು ಇಷ್ಟಪಟ್ಟಿದ್ದು ಅಂಥ ಒಂದು ಶಾಲೆಯನ್ನು, ಮನೆಯ ಕಿಟಕಿಯಿಂದ ಅದರ ಮೈದಾನ ಕಾಣುತ್ತಿತ್ತು. ವೆಬ್‌ಸೈಟಿನಲ್ಲಿ ಎಲ್ಲರಿಗೂ ಸ್ವಾಗತ ಅಂತ ದೊಡ್ಡದಾಗಿ ಬರೆದಿದ್ದರು. ಜೊತೆಗೆ ತುಂಬಬೇಕಾದ ಇನ್ನೊಂದು ಫಾರಂ ತೆಗೆದರೆ, ತಿಂಗಳಿಗೆ ಎಷ್ಟು ಸಲ ಚರ್ಚಿಗೆ ಬರುತ್ತೀರಿ ಅಂತ ಪಾದ್ರಿಯ ಸಹಿ ಬೇಕು. ನಮ್ಮಂಥವರು ಪಟ್ಟಿಯ ಕೊನೆಯಲ್ಲಿ. ಸೀಟು ಸಿಗಲಿಲ್ಲ. ಸೀಟಿಗಾಗಿಯೇ ಎರಡು ವರ್ಷ ಚರ್ಚಿಗೆ ಹೋಗಿ ಸಹಿ ಹಾಕಿಸಿಕೊಂಡು, ಮಗು ಸೇರಿದ ಮೇಲೆ ಆ ಕಡೆ ತಲೆ ಹಾಕದವರು ಎಲ್ಲ ಊರಲ್ಲೂ ಇದ್ದಾರೆ, ಅವರಲ್ಲಿ ನಂಬಿಕೆ ಇಲ್ಲದವರೂ ಇದ್ದಾರೆ. ಎಲ್ಲರ ತೆರಿಗೆಯಲ್ಲಿ ನಡೆಯುವ ಶಾಲೆ, ನಾಲ್ಕು ವರ್ಷದ ಮಗುವನ್ನು ಅದರ ಅಪ್ಪ ಅಮ್ಮ ಭಾನುವಾರ ಎಲ್ಲಿಗೆ ಹೋಗುತ್ತಾರೆ ಅನ್ನುವುದರ ಮೇಲೆ ಆರಿಸುವುದು ತಪ್ಪು. 1811ರಲ್ಲಿ ಬಡ ಮಕ್ಕಳಿಗೆ ಅಂತ ಶುರುವಾದ ಕೆಲಸಕ್ಕೂ ಇದಕ್ಕೂ ಹೊಂದುವುದಿಲ್ಲ. ಏಡೆಡ್ ಆಗಿದ್ದರೂ ಧರ್ಮದ ಆಧಾರದ ಮೇಲೆ ಒಂದೂ ಸೀಟು ಇಡದ ಶಾಲೆಗಳಿವೆ, ಅವುಗಳ ಗವರ್ನರ್‌ಗಳು ಯೋಚಿಸಿ ಹಾಗೆ ಮಾಡಿದ್ದಾರೆ. ಅಂದರೆ ಮಾಡಲು ಸಾಧ್ಯ ಇದೆ.

ಕ್ಯಾಥೊಲಿಕ್ ಶಾಲೆಗಳಲ್ಲಿ ಬ್ಯಾಪ್ಟಿಸಂ ಆದ ಮಕ್ಕಳಿಗೆ ಮೊದಲ ಅವಕಾಶ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬದವರು ಊರಿಂದ ಬರುವಾಗಲೇ ಆ ಸರ್ಟಿಫಿಕೇಟ್ ಇಟ್ಟುಕೊಂಡು ಬನ್ನಿ.

ಅರ್ಜಿ ಹಾಕುವವರಿಗೆ ಕೊನೆಯದಾಗಿ ನಾಲ್ಕು ಮಾತು. ಶಾಲೆ ಕಂಟ್ರೋಲ್ಡಾ, ಏಡೆಡ್ಡಾ, ಅಕಾಡೆಮಿನಾ ಅಂತ ಮೊದಲು ನೋಡಿ, ಅಕಾಡೆಮಿ ಆದರೆ ಪ್ರವೇಶದ ನಿಯಮ ಅವರವರದ್ದೇ ಇರುತ್ತದೆ. ಸೀಟು ಖಾಲಿ ಇದ್ದರೆ ಧರ್ಮದ ಕಾರಣ ಹೇಳಿ ಯಾವ ಚರ್ಚ್ ಶಾಲೆಯೂ ಇಲ್ಲ ಅನ್ನುವಂತಿಲ್ಲ, ವರ್ಷದ ಮಧ್ಯೆ ಬರುವವರು ಇದನ್ನು ನೆನಪಿಡಿ, ಕೌನ್ಸಿಲ್‌ಗೆ ಇನ್-ಇಯರ್ ಅರ್ಜಿ ಹೇಗೆ ಅಂತ ಕೇಳಿ. ಶಾಲೆ ನೋಡಲು ಹೋದಾಗ ಮೌಲ್ಯಗಳೇನು ಅಂತ ಕೇಳಬೇಡಿ, ಗೋಡೆ ಮೇಲೆ ಇರುವುದನ್ನೇ ಹೇಳುತ್ತಾರೆ. ಮಗುವನ್ನು ಯಾರಾದರೂ ಬಣ್ಣ, ಊಟದ ಬಗ್ಗೆ ಅಂದರೆ ಏನು ಮಾಡುತ್ತೀರಿ, ಹೋದ ವರ್ಷ ಅಂಥದ್ದು ನಡೆದಾಗ ಏನು ಮಾಡಿದಿರಿ ಅಂತ ಕೇಳಿ. ಸಾಧ್ಯವಾದರೆ ಒಂದು ದಿನ ವರ್ಶಿಪ್ ಹೊತ್ತಿಗೆ ಬರಬಹುದಾ ಅಂತಲೂ ಕೇಳಿ. ಆಗಸ್ಟ್ 31ರೊಳಗೆ ನಾಲ್ಕು ವರ್ಷ ತುಂಬುವ ಮಕ್ಕಳಿಗೆ ಆ ಸೆಪ್ಟೆಂಬರ್‌ಗೆ ರಿಸೆಪ್ಷನ್. ಅರ್ಜಿಗೆ ಅದೇ ವರ್ಷದ ಜನವರಿ 15 ಕೊನೇ ದಿನ, ಉತ್ತರ ಏಪ್ರಿಲ್ 16ಕ್ಕೆ. ಏಡೆಡ್ ಶಾಲೆಗೆ ಹಾಕುತ್ತಿದ್ದರೆ ಕೌನ್ಸಿಲ್ ಅರ್ಜಿಯ ಜೊತೆ ಶಾಲೆಯ ಆ ಇನ್ನೊಂದು ಫಾರಂ ಕೂಡ ಕೊಡುವುದನ್ನು ಮರೆಯಬೇಡಿ.